ಅತಿರಪ್ಪಿಳ್ಳಿಗೆ ಅರ್ಧ ದಿನ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥ ಸಂಸಾರಗಳಿಗೆ ಪ್ರವಾಸವೆಂಬುದು ಬೇರೊಂದು ಕೆಲಸದ ಜೊತೆಗೆ ಹೊಂದಿಸಿಕೊಳ್ಳುವ ಬಾಬತ್ತು. ಕೊಚ್ಚಿಯಲ್ಲಿ ಒಂದು ಮದುವೆ, ತಿರುವನಂತಪುರದಲ್ಲಿ ಮಗಳಿಗೊಂದು ಸಂದರ್ಶನ, ಇಲ್ಲವೆ ಅನಂತಪದ್ಮನಾಭನಿಗೆ ಹೇಳಿಕೊಂಡ ಹರಕೆ. ರಜೆ ಸಿಕ್ಕಿದ್ದು ನಾಲ್ಕು ದಿನ, ಅದರಲ್ಲಿ ರೈಲಿಗೇ ಎರಡು ದಿನ. ಉಳಿದುದರಲ್ಲಿ ಅರ್ಧ ದಿನ ಬಿಡುವಾದರೆ ಮನೆಯವರೆಲ್ಲ ಸೇರಿ ಕೇಳುವ ಮಾತು ಒಂದೇ: "ಸಿನಿಮಾದಲ್ಲಿ ಬರುವ ಆ ಜಲಪಾತ ಇಲ್ಲೇ ಎಲ್ಲೋ ಹತ್ತಿರವಂತಲ್ಲ, ನೋಡಿಕೊಂಡೇ ಹೋಗೋಣ."

ಆ ಜಲಪಾತದ ಹೆಸರು ಅತಿರಪ್ಪಿಳ್ಳಿ. ತ್ರಿಶ್ಶೂರು ಜಿಲ್ಲೆಯ ಚಾಲಕ್ಕುಡಿ ಹೊಳೆಯು ಪಶ್ಚಿಮ ಘಟ್ಟದ ಕಾಡನ್ನು ಬಿಟ್ಟು ಬಯಲಿಗೆ ಇಳಿಯುವ ಮುನ್ನ ಸುಮಾರು 80 ಅಡಿ ಕೆಳಕ್ಕೆ ಧುಮುಕುವ ಜಾಗ ಅದು. 2007ರ 'ಗುರು', 2010ರ 'ರಾವಣ್', 2015ರ 'ಬಾಹುಬಲಿ' ಮುಂತಾದ ಚಿತ್ರಗಳಿಂದ ದೇಶದ ಜನಕ್ಕೆಲ್ಲ ಅದರ ಮುಖ ಪರಿಚಯವಾಗಿದೆ. ಆದರೂ ಕನ್ನಡಿಗನಾದವನು ಕೇಳಬಹುದಾದ ಪ್ರಶ್ನೆಯೊಂದಿದೆ. 829 ಅಡಿಯ ಜೋಗವನ್ನು ಹಿತ್ತಲಲ್ಲಿ ಇಟ್ಟುಕೊಂಡವರು 80 ಅಡಿಯ ನೀರನ್ನು ನೋಡಲು ಪರಸ್ಥಳದಲ್ಲಿ ಅರ್ಧ ದಿನ ಕಳೆಯಬೇಕೇ?

ಕಳೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಏಪ್ರಿಲ್ ತಿಂಗಳಲ್ಲಿ, ಮಕ್ಕಳಿಗೆ ಶಾಲೆಯ ರಜೆ ಇರುವಾಗ, ಜೋಗಕ್ಕೆ ಹೋದರೆ ಬಹುಮಟ್ಟಿಗೆ ಕಾಣುವುದು ಕಪ್ಪು ಬಂಡೆ. ಅದೇ ಏಪ್ರಿಲ್‌ನಲ್ಲಿ ಅತಿರಪ್ಪಿಳ್ಳಿಯಲ್ಲಿ, ಸೊರಗಿದ್ದರೂ ಸರಿಯೇ, ನೀರು ಬೀಳುತ್ತಿರುತ್ತದೆ. ಜೋಗದ ಮೇಲೆ ಅಣೆಕಟ್ಟಿದೆ. ಅತಿರಪ್ಪಿಳ್ಳಿಯ ಮೇಲೆಯೂ ಅಣೆಕಟ್ಟುಗಳಿವೆ. ಹೀಗಿದ್ದೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು ಏಕೆ? ಇದಕ್ಕೆ ಉತ್ತರ ಕಳೆದ ನೂರು ಚಿಲ್ಲರೆ ವರ್ಷಗಳ ಇತಿಹಾಸದಲ್ಲಿದೆ. ಆ ಇತಿಹಾಸ ತಿಳಿದವನಿಗೆ ಯಾವ ತಿಂಗಳು ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಮೈಸೂರಿನವರು ಕಂಡ ಚಾಲಕ್ಕುಡಿ

ಕೊಚ್ಚಿಯಿಂದ ಉತ್ತರಕ್ಕೆ ಆಲುವಾ, ಅಂಗಮಾಲಿ ದಾಟಿದರೆ ಚಾಲಕ್ಕುಡಿ ಪೇಟೆ. ಜಲಪಾತಕ್ಕೆ ಹೋಗುವ ದಾರಿ ಅಲ್ಲಿಂದಲೇ ಪೂರ್ವಕ್ಕೆ ತಿರುಗುತ್ತದೆ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡಿಗರಿಗೂ ತಿರುವನಂತಪುರವೇ ರಾಜಧಾನಿಯಾದುದರಿಂದ, ಸರಕಾರಿ ಕೆಲಸಕ್ಕೆಂದು ದಕ್ಷಿಣಕ್ಕೆ ಹೋಗುವ ನಮ್ಮವರ ರೈಲುಗಳೂ ಈ ಪೇಟೆಯನ್ನು ಹಾದೇ ಹೋಗುತ್ತವೆ. ಕಿಟಕಿಯಿಂದ ನೋಡಿದರೆ ತೆಂಗು, ಅಡಿಕೆ, ಜಾತಿಕಾಯಿಯ ತೋಟಗಳು. ಇಲ್ಲಿ ಮೈಸೂರಿನ ಚರಿತ್ರೆಯ ಒಂದು ತಿರುವು ನಡೆಯಿತೆಂದು ಹೇಳುವ ಗುರುತು ಏನೂ ಕಾಣುವುದಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನವರು ಸಮುದ್ರತೀರದಿಂದ ಆನೆಮಲೆಯ ತಪ್ಪಲಿನವರೆಗೆ ಸುಮಾರು 30 ಮೈಲಿ ಉದ್ದದ ಒಂದು ಮಣ್ಣಿನ ಕೋಟೆಗೋಡೆಯನ್ನು ಎಬ್ಬಿಸಿದ್ದರು. ಅದಕ್ಕೆ 'ನೆಡುಂಕೋಟ್ಟ', ಎಂದರೆ ಉದ್ದನೆಯ ಕೋಟೆ, ಎಂದು ಹೆಸರು. ಅದು ಚಾಲಕ್ಕುಡಿಯ ಸೀಮೆಯಲ್ಲೇ ಹಾದುಹೋಗುತ್ತಿತ್ತು. ಗೋಡೆ ನಿಂತಿದ್ದ ನೆಲದಲ್ಲಿ ಒಂದು ಭಾಗ ತನಗೆ ಕಪ್ಪ ಕೊಡುವ ಕೊಚ್ಚಿ ರಾಜನದು, ತಿರುವಾಂಕೂರಿನದಲ್ಲ ಎಂಬುದು ಟಿಪ್ಪೂ ಸುಲ್ತಾನನ ತಕರಾರು. 1789ರ ಡಿಸೆಂಬರ್ ಕೊನೆಯಲ್ಲಿ ಅವನ ಸೈನ್ಯ ಈ ಗೋಡೆಯ ಮೇಲೆ ಬಿದ್ದು ಹಿಮ್ಮೆಟ್ಟಬೇಕಾಯಿತು. 1790ರ ಏಪ್ರಿಲ್‌ನಲ್ಲಿ ಗೋಡೆ ಒಡೆಯಿತು. ಸೈನ್ಯ ಆಲುವಾದವರೆಗೆ ಬಂದರೂ, ಅಷ್ಟರಲ್ಲಿ ಇಂಗ್ಲಿಷರು ಯುದ್ಧಕ್ಕೆ ಇಳಿದುದರಿಂದ ಅದು ಹಿಂದಿರುಗಬೇಕಾಯಿತು. ಮೂರನೆಯ ಮೈಸೂರು ಯುದ್ಧಕ್ಕೆ ಕಿಡಿ ಬಿದ್ದದ್ದು ಹೀಗೆ. ಎರಡು ವರ್ಷಗಳ ಮೇಲೆ, 1792ರಲ್ಲಿ, ಮೈಸೂರು ತನ್ನ ರಾಜ್ಯದಲ್ಲಿ ಅರ್ಧದಷ್ಟನ್ನು ಬಿಟ್ಟುಕೊಡಬೇಕಾಯಿತು.

ಆ ಕಾಲದ ಜಗಳ ನೆಲಕ್ಕಾಗಿ. ನೆಲ ಯಾರದು ಎಂಬುದು ತೀರ್ಮಾನವಾದ ಮೇಲೆ ಸರದಿ ಬಂದದ್ದು ಕಾಡಿನದು, ಆಮೇಲೆ ನೀರಿನದು.

ತೇಗದ ಮರಕ್ಕೆ ಬಂದ ರೈಲು

ಅತಿರಪ್ಪಿಳ್ಳಿ ಆಗ ಇದ್ದದ್ದು ಕೊಚ್ಚಿ ಸಂಸ್ಥಾನದಲ್ಲಿ. 1895ರಿಂದ 1914ರವರೆಗೆ ಆಳಿದ ರಾಜಾ ರಾಮವರ್ಮರನ್ನು ಅಲ್ಲಿನ ಜನ ರಾಜರ್ಷಿ ಎಂದು ಕರೆಯುತ್ತಾರೆ. ಶೋರನೂರಿನಿಂದ ಎರ್ನಾಕುಳಕ್ಕೆ ರೈಲು ತರಬೇಕೆಂದು ಅವರಿಗೆ ಹಟ. ಹಣ ಸಾಲದಾದಾಗ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ಆನೆಗಳ ಹಣೆಗೆ ಕಟ್ಟುವ ಚಿನ್ನದ ಪಟ್ಟಗಳನ್ನು ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. 1902ರಲ್ಲಿ ಆ ದಾರಿಯಲ್ಲಿ ರೈಲು ಓಡಿತು. ಇಂದು ನಾವು ಚಾಲಕ್ಕುಡಿಗೆ ಹೋಗುವುದು ಅದೇ ದಾರಿಯಲ್ಲಿ.

ರೈಲು ಬಂದ ಮೇಲೆ ಕಾಡಿನ ತೇಗ ಮತ್ತು ಬೀಟೆಗೆ ಬೆಲೆ ಬಂತು. ಆದರೆ ಮರವಿದ್ದದ್ದು ಪರಂಬಿಕುಳಂ ಬೆಟ್ಟಗಳಲ್ಲಿ. ಹೊಳೆಯಲ್ಲಿ ತೇಲಿಬಿಡೋಣವೆಂದರೆ ನಡುವೆ ಜಲಪಾತಗಳು. ಆದುದರಿಂದ ಚಾಲಕ್ಕುಡಿಯಿಂದ ಪರಂಬಿಕುಳಂವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ಟ್ರಾಮ್ ಹಳಿ ಹಾಕಿದರು. ಇದೇ ಕೊಚ್ಚಿ ಸಂಸ್ಥಾನದ ಅರಣ್ಯ ಟ್ರಾಮ್‌ವೇ; 1907ರಿಂದ 1963ರವರೆಗೆ ನಡೆಯಿತು. ಕಡಿದಾದ ಇಳಿಜಾರುಗಳಲ್ಲಿ ಅದಕ್ಕೆ ಉಗಿಯ ಯಂತ್ರವೂ ಬೇಕಿರಲಿಲ್ಲ. ಮರದ ಭಾರ ಹೊತ್ತ ಬಂಡಿ ಇಳಿಯುವಾಗ, ಹಗ್ಗದ ಇನ್ನೊಂದು ತುದಿಯಲ್ಲಿದ್ದ ಖಾಲಿ ಬಂಡಿ ತಾನಾಗಿ ಮೇಲೆ ಬರುತ್ತಿತ್ತು. ಬಾವಿಯ ರಾಟೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1933ರಲ್ಲಿ ತಿರುವಾಂಕೂರು-ಕೊಚ್ಚಿಯ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಈ ಟ್ರಾಮ್ ದಾರಿಯ ಕುರಿಯಾರ್‌ಕುಟ್ಟಿಯಲ್ಲಿ ಬೀಡುಬಿಟ್ಟಿದ್ದರು. ಕಾಡು ಇನ್ನೂ ಅಷ್ಟು ದಟ್ಟವಾಗಿತ್ತು. ಆದರೆ ಅರ್ಧ ಶತಮಾನದುದ್ದಕ್ಕೂ ಮರ ಇಳಿದದ್ದೇ ಇಳಿದದ್ದು. ಟ್ರಾಮ್ ನಷ್ಟದಲ್ಲಿ ಬಿದ್ದು ನಿಲ್ಲುವ ಹೊತ್ತಿಗೆ ಇದೇ ಹೊಳೆಗೆ ಎರಡನೆಯ ಹಕ್ಕುದಾರರು ಬಂದಾಗಿತ್ತು. ಅವರು ವಿದ್ಯುಚ್ಛಕ್ತಿಯವರು.

ವಿದ್ಯುದಾಗಾರ ಜಲಪಾತದ ಮೇಲೋ, ಕೆಳಗೋ?

ಇಲ್ಲಿ ಸ್ವಲ್ಪ ಹೊತ್ತು ನಮ್ಮ ನಾಡಿಗೆ ಹಿಂದಿರುಗಬೇಕು. ಅತಿರಪ್ಪಿಳ್ಳಿಯ ಕಥೆಗೆ ಬೀಗದ ಕೈ ಇರುವುದು ನಮ್ಮಲ್ಲಿ.

ನೀರಿನಿಂದ ವಿದ್ಯುತ್ತನ್ನು ಮಾಡಬೇಕಾದರೆ ನೀರು ಬೇಕು, ಅದು ಬೀಳುವುದಕ್ಕೆ ಎತ್ತರ ಬೇಕು. ಜಲಪಾತವಿರುವ ಕಡೆ ಎತ್ತರವನ್ನು ಪ್ರಕೃತಿಯೇ ಕೊಟ್ಟಿರುತ್ತದೆ. ಜಲಪಾತದ ಮೇಲ್ಗಡೆ ನೀರನ್ನು ತಿರುಗಿಸಿ, ಕೊಳವೆಯಲ್ಲಿ ಇಳಿಸಿ, ಜಲಪಾತದ ಕೆಳಗಡೆ ಚಕ್ರ ತಿರುಗಿಸಿದರೆ ಆ ಎತ್ತರವೆಲ್ಲ ಲಾಭ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆ ಇದೇ ಬಗೆಯದು. 1902ರಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು.

ಜೋಗದಲ್ಲಿ ನಡೆದದ್ದೂ ಅದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1939ರಲ್ಲಿ ಕೆಲಸ ಆರಂಭವಾಯಿತು. 1948ರ ಫೆಬ್ರವರಿಯಲ್ಲಿ ವಿದ್ಯುದಾಗಾರ ಚಾಲೂ ಆಯಿತು, ಆಮೇಲೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಅದು ಇರುವುದು ಜಲಪಾತದ ಕೆಳಗೆ. ಎಂದರೆ, ಚಕ್ರ ತಿರುಗಿಸುವ ಪ್ರತಿಯೊಂದು ಕೊಡ ನೀರೂ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಿಂದ ಕಡಿದುಕೊಂಡ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹೊಳೆಯ ಹೆಚ್ಚಿನ ಪಾಲು ತಳಕಳಲೆಯ ಮೂಲಕ ಜಲಪಾತವನ್ನು ಬಳಸಿಕೊಂಡು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಹೋಗತೊಡಗಿತು. ಮಳೆಗಾಲ ಬಿಟ್ಟರೆ ಜೋಗ ಬಡವಾಯಿತು.

ಇದರಿಂದ ನಾಡಿಗೆ ಬೆಳಕು ಬಂದದ್ದು ಸುಳ್ಳಲ್ಲ. ಬೆಂಗಳೂರು, ಭದ್ರಾವತಿಗಳ ಕಾರ್ಖಾನೆಗಳು ನಡೆದದ್ದು, ನಮ್ಮ ತಂದೆತಾಯಿಗಳು ಬುಡ್ಡಿದೀಪ ಬಿಟ್ಟು ಬಲ್ಬಿನ ಕೆಳಗೆ ಓದಿದ್ದು ಈ ನೀರಿನಿಂದಲೇ. ಆದರೆ ಬೆಳಕಿನ ಬೆಲೆಯನ್ನು ತೆತ್ತವರು ಬೇರೆ. ಶರಾವತಿಯ ಮುಳುಗಡೆಯಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟೆದ್ದವು. ಅವರಲ್ಲಿ ಅನೇಕರ ಭೂಮಿಯ ಹಕ್ಕುಪತ್ರದ ಗೊಂದಲ ಅರುವತ್ತು ವರ್ಷಗಳಾದರೂ ತೀರಿಲ್ಲ. ಈ ನೋವನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿ ಮಾಡಿದ್ದನ್ನು ನಮ್ಮಲ್ಲಿ ಹಲವರು ನೋಡಿರಬಹುದು.

ಕೆಲಸ ಮುಗಿಸಿ ಬೀಳುವ ನೀರು

ಈಗ ಚಾಲಕ್ಕುಡಿ ಹೊಳೆಗೆ ಬರೋಣ. ಕೇರಳದಲ್ಲಿ ಮೊದಲ ದೊಡ್ಡ ಜಲವಿದ್ಯುತ್ ಯೋಜನೆ ತಿರುವಾಂಕೂರಿನವರು ಮುನ್ನಾರಿನ ಬಳಿ 1940ರಲ್ಲಿ ಆರಂಭಿಸಿದ ಪಳ್ಳಿವಾಸಲ್. ಕೊಚ್ಚಿಯ ಕಡೆಗೆ ಇದು ಬಂದದ್ದು ತಡವಾಗಿ. 1949ರಲ್ಲಿ ಎರಡು ಸಂಸ್ಥಾನಗಳೂ ಒಂದಾದ ಮೇಲೆ, 1957ರಲ್ಲಿ, ಅತಿರಪ್ಪಿಳ್ಳಿಗಿಂತ ಮೇಲೆ ದಟ್ಟ ಕಾಡಿನಲ್ಲಿ ಪೆರಿಂಗಲ್‌ಕುತ್ತು ಎಂಬಲ್ಲಿ 32 ಮೆಗಾವಾಟ್‌ನ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಇನ್ನೂ ಮೇಲೆ ಶೋಲಯಾರ್ ಯೋಜನೆ 1966ರಲ್ಲಿ ಬಂತು. ಅದು 54 ಮೆಗಾವಾಟ್.

ಈ ಎರಡೂ ವಿದ್ಯುದಾಗಾರಗಳಿಂದ ಹೊರಬಿದ್ದ ನೀರು ಅದೇ ಹೊಳೆಗೆ ಸೇರುತ್ತದೆ; ಅವು ಇರುವುದು ಜಲಪಾತಕ್ಕಿಂತ ಮೇಲೆ. ಅಂದರೆ ಇಲ್ಲಿನ ನೀರು ಮೊದಲು ಚಕ್ರ ತಿರುಗಿಸಿ, ಕೂಲಿ ಮುಗಿಸಿ, ಆಮೇಲೆ ಅತಿರಪ್ಪಿಳ್ಳಿಗೆ ಬಂದು ಧುಮುಕುತ್ತದೆ. ಜೋಗದಲ್ಲಿ ಒಂದೇ ನೀರಿಗೆ ಯಂತ್ರವೂ ಬಂಡೆಯೂ ಜಗಳವಾಡುತ್ತವೆ. ಇಲ್ಲಿ ಒಂದಾದ ಮೇಲೊಂದು ಸರದಿ. ಏಪ್ರಿಲ್‌ನಲ್ಲೂ ಇಲ್ಲಿ ನೀರು ಕಾಣುವುದಕ್ಕೆ ಮುಖ್ಯ ಕಾರಣ ಇಷ್ಟೇ.

ಇದನ್ನು ಕೇಳಿ, ಇದು ಪೂರ್ತಿ ಪ್ರಕೃತಿದತ್ತವಾದ ಜಲಪಾತವೆಂದು ತಿಳಿಯಬಾರದು. ಮೇಲಿನ ಕಣಿವೆಯ ನೀರಿನಲ್ಲಿ ಒಂದು ಪಾಲು ಪರಂಬಿಕುಳಂ-ಆಳಿಯಾರ್ ಯೋಜನೆಯ ಮೂಲಕ ಪೂರ್ವಕ್ಕೆ, ತಮಿಳುನಾಡಿನ ಕೊಯಮತ್ತೂರು ಕಡೆಯ ಹೊಲಗಳಿಗೆ, ಹೋಗುತ್ತದೆ. 1970ರಲ್ಲಿ ಎರಡು ರಾಜ್ಯಗಳೂ ಸಹಿ ಮಾಡಿದ ಒಪ್ಪಂದದಂತೆ ಕೇರಳದ ಶೋಲಯಾರಿಗೆ ವರ್ಷಕ್ಕೆ 12.3 ಟಿ.ಎಂ.ಸಿ. ಅಡಿ ನೀರು ಸಲ್ಲಬೇಕು. ಕಾವೇರಿಯ ಟಿ.ಎಂ.ಸಿ. ಲೆಕ್ಕವನ್ನು ಪತ್ರಿಕೆಗಳಲ್ಲಿ ಓದಿ ಓದಿ ಬಾಯಿಪಾಠ ಮಾಡಿಕೊಂಡಿರುವ ನಮಗೆ ಇಂಥ ಕರಾರುಗಳ ಹಿಂದಿನ ಎಳೆದಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಬೇಸಗೆಯಲ್ಲಿ ನೋಡುವ ಆ ಬಿಳಿಯ ಧಾರೆ ಮೇಲಿನ ಜಲಾಶಯಗಳಿಂದ ಲೆಕ್ಕ ಹಾಕಿ ಬಿಟ್ಟ ನೀರು.

ಲೆಕ್ಕ ತಪ್ಪಿದಾಗ ಏನಾಗುತ್ತದೆಂಬುದನ್ನು 2018ರ ಆಗಸ್ಟ್ ತಿಂಗಳಿನಲ್ಲಿ ಕೇರಳದ ಜನ ಕಂಡರು. ಮಹಾಮಳೆಯಲ್ಲಿ ಪೆರಿಂಗಲ್‌ಕುತ್ತು ಅಣೆಕಟ್ಟಿನ ನೆತ್ತಿಯ ಮೇಲೇ ನೀರು ಹರಿಯಿತು. ಮರದ ದಿಮ್ಮಿಗಳು ಬಂದು ಸಿಕ್ಕಿಕೊಂಡವು. ಕೆಳಗೆ ಚಾಲಕ್ಕುಡಿ ಪೇಟೆ ಮುಳುಗಿತು.

ತಿರುವನಂತಪುರದ ಕಡತ

ಇನ್ನು ಈ ಕಥೆಯ ಬಹು ಮುಖ್ಯವಾದ ಅಧ್ಯಾಯ. ಅತಿರಪ್ಪಿಳ್ಳಿಯ ಮೇಲೆಯೇ ಇನ್ನೊಂದು ಅಣೆಕಟ್ಟು ಕಟ್ಟಿ 163 ಮೆಗಾವಾಟ್ ವಿದ್ಯುತ್ ತೆಗೆಯಬೇಕೆಂದು ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಯೋಜನೆ ಹಾಕಿತು. ಮಂಡಳಿಯ ಮುಖ್ಯ ಕಚೇರಿ ಇರುವುದು ತಿರುವನಂತಪುರದಲ್ಲಿ. ಯೋಜನೆಯ ಮಾದರಿ ಮಾತ್ರ ಜೋಗದ್ದೇ: ಜಲಪಾತಕ್ಕೆ ಮೇಲೆ ಅಣೆಕಟ್ಟು, ಅಲ್ಲಿಂದ ಸುರಂಗ, ಮುಖ್ಯ ವಿದ್ಯುದಾಗಾರ ಕೆಳಗಡೆ ಕಣ್ಣಂಕುಳಿಯ ಹತ್ತಿರ. ಜಲಪಾತ ಬತ್ತದಂತೆ ಒಂದಿಷ್ಟು ನೀರನ್ನು ಸದಾ ಬಿಡುತ್ತೇವೆಂದು ಮಂಡಳಿಯ ಭರವಸೆ. ಅದು ನೋಡುವವರ ಕಣ್ಣಿಗೆ ಹಾಕುವ ಕಾಡಿಗೆಯಷ್ಟೇ ಎಂದು ವಿರೋಧಿಗಳ ಉತ್ತರ.

1998ರಲ್ಲಿ ಕೇಂದ್ರದ ಪರಿಸರ ಅನುಮತಿ ದೊರೆಯಿತು. ಜನರನ್ನು ಕೇಳದೆ ಕೊಟ್ಟ ಅನುಮತಿಯೆಂದು ಪ್ರಕರಣ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿಗೆ ಹೋಯಿತು. ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದು 2001ರಲ್ಲಿ ನ್ಯಾಯಾಲಯ ಹೇಳಿತು. 2005ರಲ್ಲಿ ಮತ್ತೆ ಅನುಮತಿ, 2006ರಲ್ಲಿ ನ್ಯಾಯಾಲಯದಿಂದ ರದ್ದು, 2007ರಲ್ಲಿ ಮೂರನೆಯ ಸಲ ಅನುಮತಿ, 2010ರಲ್ಲಿ ಅದನ್ನೇಕೆ ಹಿಂತೆಗೆದುಕೊಳ್ಳಬಾರದೆಂದು ಕೇಂದ್ರ ಪರಿಸರ ಸಚಿವಾಲಯದ ನೋಟೀಸು. ಪಗಡೆಯ ಕಾಯಿಯಂತೆ ಕಡತ ಮುಂದೆ ಹೋಯಿತು, ಹಿಂದೆ ಬಂತು.

ಇದರ ನಡುವೆ ಬೆಂಗಳೂರಿನ ನಂಟೂ ಬರುತ್ತದೆ. ಪಶ್ಚಿಮ ಘಟ್ಟಗಳ ತಜ್ಞರ ಸಮಿತಿಯ ಅಧ್ಯಕ್ಷರಾಗಿದ್ದ ಮಾಧವ ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಉತ್ತರ ಕನ್ನಡದ ಕಾಡುಗಳನ್ನು ಕಾಲಿನಿಂದ ಅಳೆದವರು. ಅತಿರಪ್ಪಿಳ್ಳಿ ಯೋಜನೆಗೆ ಅನುಮತಿ ಕೊಡಬಾರದೆಂದು 2011ರಲ್ಲಿ ಅವರ ಸಮಿತಿ ಖಂಡಿತವಾಗಿ ಹೇಳಿತು. ಆಮೇಲೆ ಬಂದ ಸಮಿತಿಯ ಅಧ್ಯಕ್ಷ ಕಸ್ತೂರಿರಂಗನ್ ಅವರೂ ಬೆಂಗಳೂರಿನ ಬಾಹ್ಯಾಕಾಶ ಸಂಸ್ಥೆಯವರೇ. ನೀರಿನ ಲೆಕ್ಕವನ್ನು ಹೊಸದಾಗಿ ಹಾಕಿ ಬೇಕಾದರೆ ಮತ್ತೆ ಅರ್ಜಿ ಹಾಕಿರಿ ಎಂದು ಆ ಸಮಿತಿ 2013ರಲ್ಲಿ ಬಾಗಿಲನ್ನು ಅರ್ಧ ತೆರೆದಿಟ್ಟಿತು. 2020ರಲ್ಲಿ ರಾಜ್ಯ ಸರಕಾರ ಅನುಮತಿಗಳಿಗಾಗಿ ಪುನಃ ಪ್ರಯತ್ನಿಸಲು ಮಂಡಳಿಗೆ ಏಳು ವರ್ಷಗಳ ಮಟ್ಟಿಗೆ ನಿರಾಕ್ಷೇಪಣಾ ಪತ್ರ ಕೊಟ್ಟಿತು. ಅಣೆಕಟ್ಟನ್ನು ಮಾತ್ರ ಇದುವರೆಗೆ ಕಟ್ಟಿಲ್ಲ.

ಕಟ್ಟದಂತೆ ತಡೆದವರು ಯಾರು? ಹಿಂದೆ ಮೌನಕಣಿವೆಯ ಚಳವಳಿಯಲ್ಲಿ ಪಳಗಿದ ಕೇರಳದ ಜನ. ಪಾಲಕ್ಕಾಡ್ ಜಿಲ್ಲೆಯ ಆ ಸೈಲೆಂಟ್ ವ್ಯಾಲಿಯಲ್ಲಿ ವಿದ್ಯುತ್ ಯೋಜನೆ ಬೇಡವೆಂದು ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮೇಷ್ಟ್ರುಗಳೂ ತಿರುವನಂತಪುರದ ಕವಯಿತ್ರಿ ಸುಗತಕುಮಾರಿಯವರಂಥ ಸಾಹಿತಿಗಳೂ ಒಟ್ಟಾಗಿ ನಿಂತುದರಿಂದ ಯೋಜನೆ ಕೈಬಿಟ್ಟುಹೋಗಿ, ಅದು 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದೇ ಕಾಲಕ್ಕೆ ನಮ್ಮ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಬೇಡ್ತಿ ಯೋಜನೆಯನ್ನು ವಿರೋಧಿಸಿದ್ದರು. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಲಾಭನಷ್ಟದ ಲೆಕ್ಕವನ್ನು ರೈತರ ಎದುರಿಗೇ ಬಿಡಿಸಿದ್ದರು. ಆ ಯೋಜನೆಯೂ ನಿಂತಿತು. ಮಾಗೋಡಿನ ಜಲಪಾತ ಇರುವುದು ಅದೇ ಬೇಡ್ತಿ ಹೊಳೆಯಲ್ಲಿ ಎಂಬುದನ್ನು ಮರೆಯಬಾರದು.

ಚಾಲಕ್ಕುಡಿಯಲ್ಲಿ ಹೊಳೆಯನ್ನು ಉಳಿಸುವ ಸಮಿತಿಯೊಂದು ಹುಟ್ಟಿತು. 2017ರಲ್ಲಿ ತೀರಿಕೊಂಡ ಲತಾ ಅನಂತ ಅವರು ಅದರ ಹಿಂದಿನ ದೊಡ್ಡ ಶಕ್ತಿಯಾಗಿದ್ದರು. ಅವರು ಬರಿಯ ಘೋಷಣೆ ಕೂಗಿದವರಲ್ಲ. ಹೊಳೆಯಲ್ಲಿ ದಿನದ ಯಾವ ಹೊತ್ತಿಗೆ ಎಷ್ಟು ನೀರು ಇರುತ್ತದೆ, ಕೆಳಗಿನ ತುಂಬೂರ್ಮುಳಿ ಅಣೆಯಿಂದ ಕಾಲುವೆಗೆ ನೀರು ಪಡೆಯುವ ರೈತರಿಗೆ ಅದರಿಂದ ಆಗುವುದೇನು ಎಂಬುದನ್ನು ಕೂತು ಲೆಕ್ಕ ಹಾಕಿದವರು. ಎಂಜಿನಿಯರರಿಗೆ ಎಂಜಿನಿಯರರ ಭಾಷೆಯಲ್ಲೇ ಉತ್ತರ ಕೊಟ್ಟದ್ದು ಈ ಹೋರಾಟದ ಹೆಚ್ಚುಗಾರಿಕೆ.

ಹೊಳೆಯ ಮೂಲ ಒಕ್ಕಲು

ಮರದವರು ಬಂದರು, ವಿದ್ಯುತ್ತಿನವರು ಬಂದರು, ಸಿನಿಮಾದವರೂ ಅವರ ಹಿಂದೆ ನಾವೂ ಬಂದೆವು. ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿರುವವರು ಕಾಡರ್ ಎಂಬ ಬುಡಕಟ್ಟಿನವರು. ಜೇನು, ಗೆಡ್ಡೆಗೆಣಸು, ಹೊಳೆಯ ಮೀನುಗಳಲ್ಲಿ ಬದುಕು ಕಂಡುಕೊಂಡವರು. ಒಂದೊಂದು ಅಣೆಕಟ್ಟು ಬಂದಾಗಲೂ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಸರಿದವರು. 163 ಮೆಗಾವಾಟ್ ಯೋಜನೆ ಬಂದಿದ್ದರೆ ವಾಳಚ್ಚಾಲ್, ಪೊಕಲಪ್ಪಾರಗಳ ಅವರ ಹಾಡಿಗಳು ಮತ್ತೊಮ್ಮೆ ಏಳಬೇಕಾಗುತ್ತಿತ್ತು. ಈ ಸಲ ಅವರು ಏಳಲಿಲ್ಲ. ಕಾಡರ್ ಜನರ ಮೊದಲ ಮಹಿಳಾ ಮುಖ್ಯಸ್ಥೆ ವಿ.ಕೆ. ಗೀತಾ ಅವರು ಈ ವಿರೋಧದ ಮುಂದಾಳುಗಳಲ್ಲಿ ಒಬ್ಬರು. 2014ರಲ್ಲಿ ವಾಳಚ್ಚಾಲ್ ಕಾಡಿನ ಒಂಬತ್ತು ಹಾಡಿಗಳಿಗೆ ಅರಣ್ಯ ಹಕ್ಕು ಕಾಯಿದೆಯಂತೆ ಸಮುದಾಯದ ಹಕ್ಕು ದೊರೆಯಿತು. ಕೇರಳದಲ್ಲಿ ಅಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಅವರ ಜೊತೆಗೆ ಇಲ್ಲಿ ಇನ್ನೊಂದು ಒಕ್ಕಲಿದೆ, ಮಂಗಟ್ಟೆ ಹಕ್ಕಿಯದು. ಪಶ್ಚಿಮ ಘಟ್ಟದ ನಾಲ್ಕು ಬಗೆಯ ಮಂಗಟ್ಟೆಗಳೂ ಈ ಹೊಳೆಯ ಪಕ್ಕದ ಕಾಡಿನಲ್ಲಿವೆ. ನಮ್ಮಲ್ಲಿ ಈ ನಾಲ್ಕನ್ನೂ ಒಟ್ಟಿಗೆ ಕಾಣಬಹುದಾದದ್ದು ದಾಂಡೇಲಿಯಲ್ಲಿ. ದೊಡ್ಡ ಮರದ ಪೊಟರೆಯಿಲ್ಲದೆ ಮಂಗಟ್ಟೆಗೆ ಸಂಸಾರವಿಲ್ಲ. ಹೊಳೆಯ ದಂಡೆಯ ಮರ ಮುಳುಗಿದರೆ ಹಕ್ಕಿಯೂ ಹೋದಂತೆಯೇ.

ಅರ್ಧ ದಿನದ ಲೆಕ್ಕ

ಇಷ್ಟು ತಿಳಿದ ಮೇಲೆ ಪ್ರಯಾಣದ ಲೆಕ್ಕ ಸುಲಭ. ಎರ್ನಾಕುಳದಿಂದ ಅತಿರಪ್ಪಿಳ್ಳಿಗೆ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಎರಡು ಗಂಟೆ ಎಂದಿಟ್ಟುಕೊಳ್ಳಿ. ರೈಲಿನಲ್ಲಿ ಬರುವವರು ಚಾಲಕ್ಕುಡಿಯಲ್ಲಿ ಇಳಿದರೆ ಉಳಿಯುವುದು 30 ಕಿಲೋಮೀಟರ್ ಮಾತ್ರ, ಬಸ್ಸುಗಳಿವೆ. ತಿರುವನಂತಪುರದಿಂದಲೇ ಹೊರಟು ಹಿಂದಿರುಗುತ್ತೇವೆಂದರೆ ಹೋಗಲಿಕ್ಕೇ 250 ಕಿಲೋಮೀಟರಿಗೂ ಮಿಕ್ಕಿ. ಅದು ಅರ್ಧ ದಿನದ ಮಾತಲ್ಲ. ಆದುದರಿಂದ ಜಲಪಾತವನ್ನು ಕೊಚ್ಚಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ಜಾಣತನ. ತಿರುವನಂತಪುರ ಬಿಟ್ಟು ಬರಲಾಗದವರಿಗೆ ಕೊಲ್ಲಂ ಜಿಲ್ಲೆಯ ಆರ್ಯಂಕಾವಿನ ಪಾಲರುವಿ ಹತ್ತಿರ. ಹೆಸರಿನ ಅರ್ಥವೇ ಹಾಲಿನ ಜಲಪಾತ.

ಬೆಳಿಗ್ಗೆ ಆರಕ್ಕೆ ಎರ್ನಾಕುಳ ಬಿಟ್ಟರೆ ಎಂಟರ ಸುಮಾರಿಗೆ ಅಲ್ಲಿರಬಹುದು. ಬಾಗಿಲು ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ; ಜೋರು ಮಳೆಯ ದಿನಗಳಲ್ಲಿ ಅರಣ್ಯ ಇಲಾಖೆಯವರು ಪ್ರವೇಶ ನಿಲ್ಲಿಸುವುದುಂಟು. ಮೊದಲು ಮೇಲಿನಿಂದ ನೋಡಿ, ಆಮೇಲೆ ಕಾಲುದಾರಿಯಲ್ಲಿ ಕೆಳಕ್ಕೆ ಇಳಿಯಿರಿ. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ. ಅಜ್ಜ ಅಜ್ಜಿಯರು ಮೇಲೆಯೇ ಕೂತು ನೋಡುವುದು ಮೇಲು. ಒಂದೂವರೆ ಗಂಟೆ ಇಲ್ಲಿಗೆ, ಅರ್ಧ ಗಂಟೆ 5 ಕಿಲೋಮೀಟರ್ ಮುಂದಿನ ವಾಳಚ್ಚಾಲಿಗೆ. ಅಲ್ಲಿ ಹೊಳೆ ಧುಮುಕುವುದಿಲ್ಲ, ಬಂಡೆಗಳ ಮೇಲೆ ಜಾರಿಕೊಂಡು ಬರುತ್ತದೆ. ಹತ್ತೂವರೆಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಎರ್ನಾಕುಳ. ಊಟ ಮುಗಿಸಿ ರೈಲು ಹತ್ತಿದರೆ ನಾಲ್ಕೈದು ಗಂಟೆಯಲ್ಲಿ ತಿರುವನಂತಪುರ.

ತಿಂಗಳ ವಿಚಾರ: ಜೂನ್‌ನಿಂದ ಆಗಸ್ಟ್‌ವರೆಗೆ ಅಬ್ಬರ ಹೆಚ್ಚು, ದಾರಿಯ ತೊಂದರೆಯೂ ಹೆಚ್ಚು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನೀರೂ ಇದೆ, ಬಿಸಿಲೂ ಹಿತ. ಬೇಸಗೆಯಲ್ಲಿ ಹೋಗುವವರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಮೇಲಿನ ವಿದ್ಯುದಾಗಾರ ಹೆಚ್ಚಾಗಿ ನಡೆಯುವುದು ಸಂಜೆ ಊರೂರಿನಲ್ಲಿ ದೀಪ ಹತ್ತುವ ಹೊತ್ತಿಗೆ. ಅದಕ್ಕೆ ತಕ್ಕಂತೆ ಹೊಳೆಯ ನೀರು ದಿನದೊಳಗೇ ಏರುತ್ತದೆ, ಇಳಿಯುತ್ತದೆ. ಬಂಡೆ ಒಣಗಿದೆಯೆಂದು ಮಕ್ಕಳನ್ನು ಹೊಳೆಯ ನಡುವಿಗೆ ಬಿಡಬೇಡಿ. ಆಕಾಶದಲ್ಲಿ ಮೋಡವಿಲ್ಲದೆಯೂ ಇಲ್ಲಿ ನೀರು ಏರಬಲ್ಲದು.

ಬುತ್ತಿ ಕಟ್ಟಿಕೊಂಡು ಹೋಗುವವರು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಪ್ಲಾಸ್ಟಿಕ್ ಚೀಲ ಬೇಡ. ಮಂಗಗಳಿಗೆ ಚಿತ್ರಾನ್ನ ಹಾಕುವ ಪುಣ್ಯವೂ ಬೇಡ. ಕತ್ತಲಾದ ಮೇಲೆ ಆ ದಾರಿ ಆನೆಗಳದು.

ಜಲಪಾತದ ಎದುರು ನಿಂತಾಗ ಮಕ್ಕಳು, "ಇಷ್ಟು ನೀರು ಸುಮ್ಮನೆ ಹೋಗುತ್ತಿದೆಯಲ್ಲ" ಎನ್ನಬಹುದು. ನಮ್ಮ ಹಿರಿಯರೂ ಜೋಗದ ಎದುರು ನಿಂತು ಹಾಗೆಯೇ ಯೋಚಿಸಿದ್ದರು. ಅವರ ಕಾಲಕ್ಕೆ ಆ ಯೋಚನೆ ತಪ್ಪಾಗಿರಲಿಲ್ಲ, ನಾಡು ಕತ್ತಲಲ್ಲಿತ್ತು. ಈಗ ಮಕ್ಕಳಿಗೆ ಹೇಳಬಹುದಾದ ಉತ್ತರ ನಮ್ಮಲ್ಲಿದೆ: ಈ ನೀರು ಸುಮ್ಮನೆ ಹೋಗುತ್ತಿಲ್ಲ. ಮೇಲೆ ಎರಡು ಕಡೆ ದುಡಿದು ಬಂದಿದೆ. ಕೆಳಗೆ ಗದ್ದೆ ತೋಟಗಳಿಗೆ ಹೋಗುತ್ತಿದೆ. ನಡುವೆ ಈ ಒಂದು ಜಾಗದಲ್ಲಿ ಮಾತ್ರ ಅದನ್ನು ಅದರ ಪಾಡಿಗೆ ಬೀಳಲು ಜನ ಬಿಟ್ಟಿದ್ದಾರೆ. ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿರುವ ಈ ದಿನಗಳಲ್ಲಿ, ಊರಿಗೆ ಹೋದಾಗ ಆ ಮಾತು ಬಂದರೆ, ಅತಿರಪ್ಪಿಳ್ಳಿಯನ್ನು ಕಂಡವರಿಗೆ ಕೇಳಲು ಒಂದೆರಡು ಪ್ರಶ್ನೆಗಳಾದರೂ ಇರುತ್ತವೆ. ಅರ್ಧ ದಿನದ ಪ್ರಯಾಣಕ್ಕೆ ಅಷ್ಟು ಪ್ರತಿಫಲ ಸಾಕು.